ಮಗುವಿಗೆ ಮೊದಲು ಮನೆಮಾತೋ, ಶಾಲೆಯ ಭಾಷೆಯೋ?

ಓದುಗರ ಪ್ರಶ್ನೆ: ನಾವು ಕೆಲಸದ ನಿಮಿತ್ತ ಬೇರೆ ದೇಶಕ್ಕೆ ಬಂದು ನೆಲೆಸಿದ್ದೇವೆ. ಹತ್ತು ತಿಂಗಳ ಮಗಳಿದ್ದಾಳೆ. ನಾವಿಬ್ಬರೂ ಮನೆಯಲ್ಲಿ ನಮ್ಮ ಮಾತೃಭಾಷೆಯನ್ನೇ ಆಡುತ್ತೇವೆ. ಆದರೆ ಶಾಲೆಯಲ್ಲಿ ಮಗಳು ಹಿಂದೆ ಬೀಳಬಾರದೆಂದರೆ ಇಲ್ಲಿನ ಭಾಷೆಯನ್ನು ಮೊದಲು ಕಲಿಸಿ, ನಮ್ಮದನ್ನು ಆಮೇಲೆ ಕಲಿಸಬೇಕೆಂದು ಹಲವರು ಹೇಳುತ್ತಿದ್ದಾರೆ. ಎರಡೂ ಭಾಷೆ ಕಿವಿಗೆ ಬಿದ್ದರೆ ಮಾತು ತಡವಾಗುತ್ತದೆ ಎಂಬ ಭಯವೂ ಇದೆ. ಯಾವುದನ್ನು ಮೊದಲು ಕಲಿಸಬೇಕು?

ಉತ್ತರ: ನಿಮ್ಮ ಸಂದರ್ಭದಲ್ಲಿ ಮನೆಮಾತನ್ನೇ ಮೊದಲು ಕಲಿಸಿ, ಯಾವ ಅಳುಕೂ ಇಲ್ಲದೆ. ಮನೆಮಾತು ಹೆಚ್ಚು ಶ್ರೇಷ್ಠವೆಂಬ ಅಭಿಮಾನದಿಂದ ಹೀಗೆ ಹೇಳುತ್ತಿಲ್ಲ. ನೀವು ನೆಲೆಸಿರುವ ನಾಡಿನ ಭಾಷೆಯನ್ನು ಮಗುವಿಗೆ ಕಲಿಸಲು ಶಾಲೆ, ಆಟದ ಮೈದಾನ, ಸ್ನೇಹಿತರು, ಟಿವಿ, ಅಂಗಡಿಯ ಫಲಕ ಎಲ್ಲವೂ ಕಾದು ಕುಳಿತಿವೆ. ನಿಮ್ಮ ಭಾಷೆಯನ್ನು ಕಲಿಸಲು ನೀವಿಬ್ಬರನ್ನು ಬಿಟ್ಟರೆ ಅಲ್ಲಿ ಬಹುಶಃ ಬೇರಾರೂ ಇಲ್ಲ. ಆದ್ದರಿಂದ ಯಾವುದು ಮೊದಲು ಎಂದು ಕೇಳುವಾಗ ನಿಜವಾಗಿ ಯೋಚಿಸಬೇಕಾದದ್ದು, ಯಾವ ಭಾಷೆಗೆ ಮನೆಯ ಹೊರಗೆ ಆಸರೆಯಿಲ್ಲ ಎಂಬುದನ್ನು. ಆಸರೆಯಿಲ್ಲದ ಭಾಷೆಗೆ ಮೊದಲ ವರ್ಷಗಳನ್ನು ಕೊಡದಿದ್ದರೆ ಆಮೇಲೆ ಕೊಡುತ್ತೇವೆಂಬ ಲೆಕ್ಕಾಚಾರ ಹೆಚ್ಚಿನ ಕುಟುಂಬಗಳಲ್ಲಿ ಕೈಗೂಡುವುದಿಲ್ಲ.

ಎರಡು ಭಾಷೆಗಳಿಂದ ಮಗುವಿನ ಮನಸ್ಸು ಗೊಂದಲಕ್ಕೆ ಸಿಲುಕುತ್ತದೆ ಎಂಬ ನಂಬಿಕೆ ಹಳೆಯದು. 1923ರಲ್ಲಿ ವೇಲ್ಸ್‌ನ ಶಾಲಾ ಮಕ್ಕಳ ಮೇಲೆ ನಡೆದ ಒಂದು ಅಧ್ಯಯನ, ಗ್ರಾಮೀಣ ಪ್ರದೇಶದ ದ್ವಿಭಾಷಿ ಮಕ್ಕಳು ಬುದ್ಧಿಮಾಪನ ಪರೀಕ್ಷೆಗಳಲ್ಲಿ ಹಿಂದಿದ್ದಾರೆಂದು ಹೇಳಿತು. ಅಂಥ ಆರಂಭಿಕ ಅಧ್ಯಯನಗಳಲ್ಲಿ ಮಕ್ಕಳ ಬಡತನ, ಶಾಲೆಯ ಗುಣಮಟ್ಟ, ಪರೀಕ್ಷೆ ಯಾವ ಭಾಷೆಯಲ್ಲಿ ನಡೆಯಿತು ಎಂಬುದಕ್ಕೆಲ್ಲ ಸಾಕಷ್ಟು ಗಮನ ಕೊಟ್ಟಿರಲಿಲ್ಲ. 1962ರಲ್ಲಿ ಮಾಂಟ್ರಿಯಲ್‌ನಲ್ಲಿ ಎಲಿಜಬೆತ್ ಪೀಲ್ ಮತ್ತು ವಾಲೆಸ್ ಲ್ಯಾಂಬರ್ಟ್ ಅವರು ಒಂದೇ ಬಗೆಯ ಆರ್ಥಿಕ ಹಿನ್ನೆಲೆಯ ಹತ್ತು ವರ್ಷದ ಮಕ್ಕಳನ್ನು ಹೋಲಿಸಿದಾಗ ದ್ವಿಭಾಷಿ ಮಕ್ಕಳು ಹಿಂದಿರಲಿಲ್ಲ, ಹಲವು ಪರೀಕ್ಷೆಗಳಲ್ಲಿ ಮುಂದೆಯೇ ಇದ್ದರು. ಎರಡು ಭಾಷೆ ಕಲಿತರೆ ಮಗು ಹೆಚ್ಚು ಬುದ್ಧಿವಂತವಾಗುತ್ತದೆ ಎಂಬ ಇತ್ತೀಚಿನ ಪ್ರಚಾರವನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. ಆ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ವಾದವಿದೆ. ಆದರೆ ಹಾನಿಯಾಗುತ್ತದೆ ಎಂಬ ಮಾತಿಗೆ ಈಗ ಆಧಾರ ಉಳಿದಿಲ್ಲ.

ಮಾತು ತಡವಾಗುವ ಭಯಕ್ಕೆ ಒಂದು ಕಾರಣ, ಪದಗಳನ್ನು ಎಣಿಸುವ ರೀತಿ. ಎರಡು ಭಾಷೆಗಳ ನಡುವೆ ಬೆಳೆಯುವ ಎರಡು ವರ್ಷದ ಮಗುವಿಗೆ ಬರುವ ಪದಗಳನ್ನು ಒಂದೇ ಭಾಷೆಯಲ್ಲಿ ಎಣಿಸಿದರೆ ಸಂಖ್ಯೆ ಕಡಿಮೆ ಕಾಣುವುದು ಸಹಜ. ಬಾರ್ಬರಾ ಪಿಯರ್ಸನ್ ಮತ್ತು ಸಂಗಡಿಗರು 1993ರಲ್ಲಿ ಮಯಾಮಿಯ ಸ್ಪ್ಯಾನಿಷ್–ಇಂಗ್ಲಿಷ್ ಮಕ್ಕಳ ಎರಡೂ ಭಾಷೆಗಳ ಪದಗಳನ್ನು ಒಟ್ಟುಗೂಡಿಸಿ ನೋಡಿದಾಗ, ಅದು ಒಂದೇ ಭಾಷೆಯ ಮಕ್ಕಳ ಪದಸಂಪತ್ತಿಗೆ ಸಮನಾಗಿತ್ತು. ಹಾಗಾಗಿ ಡೇ ಕೇರ್‌ನಲ್ಲೋ ವೈದ್ಯರ ಬಳಿಯಲ್ಲೋ ಮಗುವಿಗೆ ಎಷ್ಟು ಪದ ಬರುತ್ತದೆಂದು ಕೇಳಿದರೆ ಎರಡೂ ಭಾಷೆಗಳದ್ದನ್ನು ಸೇರಿಸಿ ಹೇಳಿ. ಮಗು ಒಂದೇ ವಾಕ್ಯದಲ್ಲಿ ಎರಡು ಭಾಷೆಗಳನ್ನು ಬೆರೆಸಿದರೂ ಗಾಬರಿ ಬೇಡ. ಅದು ತನಗೆ ತಕ್ಷಣ ಸಿಕ್ಕ ಪದವನ್ನು ಬಳಸಿಕೊಂಡಿದೆ, ಅಷ್ಟೇ. ದೊಡ್ಡವರಾದ ನಾವೂ ದಿನವಿಡೀ ಮಾಡುವುದು ಅದನ್ನೇ.

ಇನ್ನು ಆರಂಭದ ತಿಂಗಳುಗಳ ಮಾತು. ನಿಮ್ಮ ಮಗಳಿಗೆ ಈಗ ಹತ್ತು ತಿಂಗಳು ಎಂದಿದ್ದೀರಿ. ಈ ವಯಸ್ಸಿಗೆ ನೇರವಾಗಿ ಸಂಬಂಧಿಸಿದ ಎರಡು ಪ್ರಯೋಗಗಳಿವೆ. 1984ರಲ್ಲಿ ಜ್ಯಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಅವರು, ಇಂಗ್ಲಿಷ್ ಮಾತ್ರ ಕೇಳಿ ಬೆಳೆಯುತ್ತಿದ್ದ ಶಿಶುಗಳಿಗೆ ಹಿಂದಿಯ ದಂತ್ಯ ತಕಾರವನ್ನೂ ಮೂರ್ಧನ್ಯ ಟಕಾರವನ್ನೂ ಕೇಳಿಸಿದರು. ನಮಗೆ ಹಗಲು ರಾತ್ರಿಯಷ್ಟು ಬೇರೆಯಾಗಿ ಕೇಳುವ ಈ ವ್ಯತ್ಯಾಸವನ್ನು ಆರರಿಂದ ಎಂಟು ತಿಂಗಳ ಶಿಶುಗಳಲ್ಲಿ ಹೆಚ್ಚಿನವು ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳ ಹೊತ್ತಿಗೆ ಆ ಶಕ್ತಿ ಬಹುಮಟ್ಟಿಗೆ ಕುಂದಿತ್ತು. ಅಂದರೆ ಮೊದಲ ಪದವನ್ನು ಆಡುವ ಮುನ್ನವೇ ಮಗುವಿನ ಕಿವಿ ಸುತ್ತಲಿನ ಭಾಷೆಗೆ ಹೊಂದಿಕೊಳ್ಳುತ್ತಿರುತ್ತದೆ. ಎರಡನೆಯದು 2003ರಲ್ಲಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ಮಾಡಿದ್ದು. ಒಂಬತ್ತು ತಿಂಗಳ ಅಮೆರಿಕನ್ ಶಿಶುಗಳ ಜತೆ ಮ್ಯಾಂಡರಿನ್ ಆಡುವವರು ಎದುರು ಕುಳಿತು ಹನ್ನೆರಡು ಬಾರಿ ಆಟವಾಡಿ, ಪುಸ್ತಕ ಓದಿದಾಗ ಆ ಶಿಶುಗಳು ಮ್ಯಾಂಡರಿನ್ ಧ್ವನಿಗಳ ವ್ಯತ್ಯಾಸವನ್ನು ಕಲಿತವು. ಅದೇ ಜನರನ್ನು ಟಿವಿಯಲ್ಲಿ ನೋಡಿದ ಶಿಶುಗಳು ಏನನ್ನೂ ಕಲಿಯಲಿಲ್ಲ. ಮನೆಮಾತಿನ ಹಾಡು, ಕಾರ್ಟೂನುಗಳನ್ನು ಹಾಕಿಟ್ಟರೆ ಭಾಷೆ ತಾನೇ ಬರುತ್ತದೆಂದು ನೆಚ್ಚಿಕೊಂಡ ತಂದೆತಾಯಿಗಳಿಗೆ ಇದನ್ನು ಒತ್ತಿ ಹೇಳಬೇಕೆನಿಸುತ್ತದೆ. ಮಗುವಿನ ಮುಖ ನೋಡಿ, ಅದರ ಸದ್ದಿಗೆ ಓಗೊಟ್ಟು ಆಡುವ ಮಾತಿನ ಕೆಲಸವನ್ನು ಪರದೆ ಮಾಡಲಾರದು.

ನೀವು ಮನೆಮಾತನ್ನೇ ಆಡಬೇಕೆನ್ನಲು ಇನ್ನೊಂದು ಕಾರಣ ನಿಮಗೇ ಸಂಬಂಧಿಸಿದ್ದು. ಕಚೇರಿಯಲ್ಲಿ ನಾಡಿನ ಭಾಷೆಯನ್ನು ಚೆನ್ನಾಗಿ ಬಳಸಬಲ್ಲವರಿಗೂ ಮಗುವನ್ನು ಮುದ್ದಿಸುವ, ಗದರಿಸುವ, ರಾತ್ರಿ ಬೆಚ್ಚಿಬಿದ್ದಾಗ ಸಮಾಧಾನಪಡಿಸುವ ಮಾತು ಆ ಭಾಷೆಯಲ್ಲಿ ತಡವರಿಸುತ್ತದೆ. ನೀವು ಸಲೀಸಾಗಿ ಆಡಬಲ್ಲ ಭಾಷೆಯಲ್ಲಿ ಮಾತು ಹೆಚ್ಚು ಹೊರಡುತ್ತದೆ, ಕತೆ ಉದ್ದವಾಗುತ್ತದೆ, ಮಗುವಿನ ಪ್ರಶ್ನೆಗೆ ಒಂದೇ ಪದದ ಉತ್ತರ ಕೊಟ್ಟು ಸುಮ್ಮನಾಗುವುದು ತಪ್ಪುತ್ತದೆ. ಹೀಗೆ ಮನೆಮಾತಿನಲ್ಲಿ ಗಟ್ಟಿಯಾದದ್ದು ಶಾಲೆಯ ಭಾಷೆಗೂ ಒದಗಿಬರುತ್ತದೆ ಎಂಬುದನ್ನು ಕೆನಡಾದ ಜಿಮ್ ಕಮಿನ್ಸ್ 1979ರಿಂದಲೂ ವಾದಿಸುತ್ತ ಬಂದಿದ್ದಾರೆ. ಕಾರಣ–ಪರಿಣಾಮವನ್ನು ಜೋಡಿಸುವುದು, ಕತೆಯನ್ನು ಕ್ರಮವಾಗಿ ಹೇಳುವುದು, ಪದವನ್ನು ಧ್ವನಿಗಳಾಗಿ ಬಿಡಿಸುವುದು, ಇವನ್ನು ಒಂದು ಭಾಷೆಯಲ್ಲಿ ಕಲಿತ ಮಗು ಇನ್ನೊಂದರಲ್ಲಿ ಮೊದಲಿನಿಂದ ಕಲಿಯಬೇಕಾಗಿಲ್ಲ.

ಶಾಲೆಯಲ್ಲಿ ಕಷ್ಟವೇ ಆಗುವುದಿಲ್ಲವೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ಮನೆಮಾತು ಮಾತ್ರ ಬಲ್ಲ ಮಗು ನರ್ಸರಿ ಸೇರಿದ ಮೊದಲ ವಾರಗಳಲ್ಲಿ, ಕೆಲವೊಮ್ಮೆ ತಿಂಗಳುಗಟ್ಟಲೆ, ಮೌನವಾಗಿರಬಹುದು. ಮಾತಾಡದಿದ್ದರೂ ಮಗು ಕೇಳುತ್ತಿರುತ್ತದೆ, ಗ್ರಹಿಸುತ್ತಿರುತ್ತದೆ. ಕಮಿನ್ಸ್ ಅವರ ಲೆಕ್ಕದಂತೆ ಹೊಸ ಭಾಷೆಯಲ್ಲಿ ದಿನಬಳಕೆಯ ಮಾತುಕತೆಗೆ ಸುಮಾರು ಎರಡು ವರ್ಷ ಸಾಕು. ಪಠ್ಯಪುಸ್ತಕದ ಭಾಷೆಯಲ್ಲಿ ಸಹಪಾಠಿಗಳ ಸಮಕ್ಕೆ ಬರಲು ಐದರಿಂದ ಏಳು ವರ್ಷ ಬೇಕಾಗಬಹುದು. ಆದ್ದರಿಂದ ಶಾಲೆ ಸೇರುವ ಒಂದು ವರ್ಷ ಮೊದಲಿನಿಂದ ವಾರದಲ್ಲಿ ಕೆಲವು ಗಂಟೆ ಆಟದ ಗುಂಪಿಗೋ ಗ್ರಂಥಾಲಯದ ಕಥಾಸಮಯಕ್ಕೋ ಕರೆದೊಯ್ಯಿರಿ. ಬಾಯಾರಿಕೆ, ಶೌಚ, ನೋವು, ಸಹಾಯ ಇವುಗಳಿಗೆ ಬೇಕಾದ ನಾಲ್ಕಾರು ವಾಕ್ಯಗಳನ್ನು ಕಲಿಸಿ. ಮಗುವಿಗೆ ಯಾವ ಭಾಷೆ ಬರುತ್ತದೆಂದು ಶಿಕ್ಷಕರಿಗೆ ಮೊದಲೇ ತಿಳಿಸಿ. ಮನೆಯಲ್ಲೂ ನಾಡಿನ ಭಾಷೆಯನ್ನೇ ಆಡಿ ಎಂದು ಶಿಕ್ಷಕರು ಒಳ್ಳೆಯ ಮನಸ್ಸಿನಿಂದಲೇ ಸೂಚಿಸಬಹುದು. ವಿನಯದಿಂದ ಕೇಳಿಕೊಳ್ಳಿ, ಆದರೆ ಪಾಲಿಸಬೇಡಿ.

ಆ ಸಲಹೆಯನ್ನು ಪಾಲಿಸಿದ ಮನೆಗಳಲ್ಲಿ ಏನಾಗುತ್ತದೆಂಬುದನ್ನು ಲಿಲಿ ವಾಂಗ್ ಫಿಲ್ಮೋರ್ 1991ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಅಮೆರಿಕದ ಸಾವಿರಕ್ಕೂ ಹೆಚ್ಚು ವಲಸೆ ಹಾಗೂ ಅಲ್ಪಸಂಖ್ಯಾತ ಭಾಷಿಕ ಕುಟುಂಬಗಳನ್ನು ವಿಚಾರಿಸಿದಾಗ, ಇಂಗ್ಲಿಷ್ ನರ್ಸರಿಗಳಿಗೆ ಚಿಕ್ಕ ವಯಸ್ಸಿನಲ್ಲೇ ಸೇರಿದ ಮಕ್ಕಳು ಮನೆಮಾತನ್ನು ಬೇಗ ಬಿಟ್ಟುಕೊಡುತ್ತಿದ್ದುದು ಕಂಡುಬಂತು. ಮಕ್ಕಳಿಗೆ ತಂದೆತಾಯಿಯ ಮಾತು ಪೂರ್ತಿ ಅರ್ಥವಾಗುತ್ತಿರಲಿಲ್ಲ, ತಂದೆತಾಯಿಗೆ ಮಕ್ಕಳದ್ದು. ಹದಿಹರೆಯದ ಮಗ ಮನನೊಂದು ಬಂದಾಗ ಅವನೊಂದಿಗೆ ಮನಬಿಚ್ಚಿ ಮಾತಾಡಲು ಭಾಷೆಯೇ ಇಲ್ಲದಿರುವುದು ಎಂಥ ನಷ್ಟ ಎಂಬುದನ್ನು, ಮೂರು ವರ್ಷದ ಮಗುವಿನ ಶಾಲೆಯ ಚಿಂತೆಯಲ್ಲಿರುವಾಗ ಊಹಿಸುವುದು ಕಷ್ಟ.

ಬಾಲ್ಯದಲ್ಲಿ ಕಲಿತದ್ದು ಎಲ್ಲಿಗೂ ಹೋಗುವುದಿಲ್ಲ ಎಂಬ ಭರವಸೆಯನ್ನೂ ಇಟ್ಟುಕೊಳ್ಳಬೇಡಿ. ಮೂರರಿಂದ ಎಂಟು ವರ್ಷದೊಳಗೆ ಕೊರಿಯಾದಿಂದ ಫ್ರಾನ್ಸಿಗೆ ದತ್ತು ಹೋಗಿ ಬೆಳೆದ ವಯಸ್ಕರನ್ನು ಕ್ರಿಸ್ತೋಫ್ ಪಲ್ಯೇ ಮತ್ತು ಸಂಗಡಿಗರು 2003ರಲ್ಲಿ ಪರೀಕ್ಷಿಸಿದರು. ಬೇರೆ ಅಪರಿಚಿತ ಭಾಷೆಗಳ ನಡುವೆ ಕೊರಿಯನ್ ವಾಕ್ಯಗಳನ್ನು ಅವರು ಗುರುತಿಸಲಿಲ್ಲ. ಮಿದುಳಿನ ಸ್ಕ್ಯಾನ್‌ನಲ್ಲೂ ಆ ಭಾಷೆಗೆ ವಿಶೇಷ ಪ್ರತಿಕ್ರಿಯೆ ಕಾಣಲಿಲ್ಲ. ಅವರದು ಭಾಷೆಯ ಸಂಪರ್ಕ ಒಮ್ಮೆಲೇ ಪೂರ್ತಿ ಕಡಿದುಹೋದ ಸ್ಥಿತಿ, ನಿಮ್ಮ ಮನೆ ಹಾಗಲ್ಲ ನಿಜ. ಆದರೂ ಮನೆಮಾತನ್ನು ಐದು ವರ್ಷ ಕಲಿಸಿ ಆಮೇಲೆ ಬಿಟ್ಟರೆ ಅದು ಉಳಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಎಚ್ಚರಿಕೆ ಬೇಡ. ಮೊದಲು ಕಲಿಸುವುದಕ್ಕಿಂತ, ಶಾಲೆ ಶುರುವಾದ ಮೇಲೂ ಬಿಡದಿರುವುದೇ ಹೆಚ್ಚು ಶ್ರಮದ ಕೆಲಸ.

ಆ ಕೆಲಸದಲ್ಲಿ ಮನೆಯೊಳಗಿನ ಪದ್ಧತಿ ಬಹಳ ಮುಖ್ಯ. ಬೆಲ್ಜಿಯಂನ ಫ್ಲಾಂಡರ್ಸ್ ಪ್ರದೇಶದಲ್ಲಿ, ಡಚ್ ಅಲ್ಲದ ಭಾಷೆಯೊಂದು ಮನೆಯಲ್ಲಿದ್ದ 1,899 ಕುಟುಂಬಗಳ ಬಗ್ಗೆ ಆನಿಕ್ ಡಿ ಹೌವರ್ 2007ರಲ್ಲಿ ಬರೆದರು. ಸುಮಾರು ಕಾಲುಭಾಗದಷ್ಟು ಕುಟುಂಬಗಳಲ್ಲಿ ಮಕ್ಕಳು ಆ ಭಾಷೆಯನ್ನು ಆಡುತ್ತಲೇ ಇರಲಿಲ್ಲ. ತಂದೆತಾಯಿ ಇಬ್ಬರೂ ಮನೆಯಲ್ಲಿ ಆ ಭಾಷೆಯನ್ನು ಮಾತ್ರ ಆಡುತ್ತಿದ್ದಲ್ಲಿ ಶೇಕಡ 97ರಷ್ಟು ಮನೆಗಳ ಮಕ್ಕಳು ಅದನ್ನು ಆಡುತ್ತಿದ್ದರು. ಒಬ್ಬರು ಅದನ್ನು, ಇನ್ನೊಬ್ಬರು ಡಚ್ಚನ್ನು ಆಡುತ್ತಿದ್ದಲ್ಲಿ ಅದು ಶೇಕಡ 74ಕ್ಕೆ ಇಳಿದಿತ್ತು. ಒಬ್ಬರಿಗೆ ಒಂದು ಭಾಷೆ ಎಂಬ ಸೂತ್ರ ಹಳೆಯದು. 1913ರಲ್ಲಿ ಜೂಲ್ ರೊಂಜಾ ಎಂಬ ಫ್ರೆಂಚ್ ಭಾಷಾಶಾಸ್ತ್ರಜ್ಞ, ತಾನು ಫ್ರೆಂಚ್ ಮತ್ತು ಪತ್ನಿ ಜರ್ಮನ್ ಆಡಿ ಮಗನನ್ನು ಬೆಳೆಸಿದ ಬಗೆಯನ್ನು ಪುಸ್ತಕವಾಗಿ ಬರೆದ. ತಂದೆತಾಯಿಯ ಮಾತೃಭಾಷೆಗಳೇ ಬೇರೆಯಾದ ಮನೆಗೆ ಅದು ಇಂದಿಗೂ ಒಳ್ಳೆಯ ದಾರಿ. ನಿಮ್ಮಿಬ್ಬರ ಭಾಷೆ ಒಂದೇ ಆಗಿರುವುದರಿಂದ, ಶಾಲೆಯ ಸಲುವಾಗಿ ಒಬ್ಬರು ಬೇಕೆಂದೇ ನಾಡಿನ ಭಾಷೆಗೆ ತಿರುಗುವ ಅಗತ್ಯವಿಲ್ಲ.

ಮಗು ನಿಮ್ಮ ಮಾತಿಗೆ ಶಾಲೆಯ ಭಾಷೆಯಲ್ಲಿ ಉತ್ತರಿಸತೊಡಗುವ ದಿನ ಬಂದೇ ಬರುತ್ತದೆ. ಹೆಚ್ಚಿನವರು ಸೋಲುವುದು ಇಲ್ಲಿ: ಒಂದೋ ಗದರಿಸಿ ಮನೆಮಾತನ್ನೇ ಶಿಕ್ಷೆಯಾಗಿಸುತ್ತಾರೆ, ಇಲ್ಲವೇ ತಾವೂ ಮಗುವಿನ ಭಾಷೆಗೆ ಜಾರುತ್ತಾರೆ. ನಾರ್ವೆಯ ದ್ವಿಭಾಷಿ ಕುಟುಂಬಗಳನ್ನು ಅಭ್ಯಸಿಸಿದ ಎಲಿಜಬೆತ್ ಲಾನ್ಜಾ ಇವೆರಡರ ನಡುವಿನ ಹಲವು ಮೆಟ್ಟಿಲುಗಳನ್ನು ಗುರುತಿಸಿದ್ದಾರೆ. ಅರ್ಥವಾಗಲಿಲ್ಲವೆಂಬಂತೆ ಮತ್ತೆ ಕೇಳಬಹುದು. ನೀನು ಹೇಳಿದ್ದು ಹೀಗೆಯೇ ಎಂದು ಮನೆಮಾತಿನಲ್ಲಿ ವಿಚಾರಿಸಬಹುದು. ಮಗುವಿನ ವಾಕ್ಯವನ್ನೇ ಮನೆಮಾತಿನಲ್ಲಿ ಹೇಳಿ ಸಂಭಾಷಣೆ ಮುಂದುವರಿಸಬಹುದು. ನಾನು ಕೊನೆಯ ಎರಡನ್ನು ಮೆಚ್ಚುತ್ತೇನೆ, ಏಕೆಂದರೆ ಅವುಗಳಲ್ಲಿ ನಟನೆಯಿಲ್ಲ, ಮಗು ಹೇಳಬಂದ ವಿಷಯವೂ ನಿಲ್ಲುವುದಿಲ್ಲ. ಎರಡನೆಯ ಮಗುವಿದ್ದರೆ ಇನ್ನಷ್ಟು ಎಚ್ಚರ ಬೇಕು. ಅಣ್ಣನೋ ಅಕ್ಕನೋ ಶಾಲೆಯ ಭಾಷೆಯನ್ನು ಮನೆಯೊಳಗೆ ತರುವುದರಿಂದ ಚಿಕ್ಕದಕ್ಕೆ ಮನೆಮಾತು ಸಿಗುವುದೇ ಕಡಿಮೆಯಾಗುತ್ತದೆ. ಅಜ್ಜ ಅಜ್ಜಿಯರೊಂದಿಗೆ ವಿಡಿಯೊ ಕಾಲ್, ಅದೇ ಭಾಷೆಯ ಓರಗೆಯ ಮಕ್ಕಳ ಒಡನಾಟ, ಏಳೆಂಟು ವರ್ಷದ ಹೊತ್ತಿಗೆ ಲಿಪಿಯ ಪರಿಚಯ, ಇವೆಲ್ಲ ಆಗ ನೆರವಿಗೆ ಬರುತ್ತವೆ. ಓದಲು ಬಂದ ಮಗುವಿಗೆ ನಿಮ್ಮನ್ನು ದಾಟಿಯೂ ಆ ಭಾಷೆ ಸಿಗುತ್ತದೆ.

ಮಗುವಿಗೆ ಮಾತಿನ ತೊಂದರೆಯಿದೆ ಎಂದು ಸ್ಪೀಚ್ ಥೆರಪಿಸ್ಟ್ ಹೇಳಿದ್ದರೆ ಈ ಸಲಹೆ ಬದಲಾಗುತ್ತದೆಯೇ ಎಂದು ಕೆಲವರು ಕೇಳುವುದುಂಟು. ಬದಲಾಗುವುದಿಲ್ಲ. ಜೊಹಾನ್ ಪ್ಯಾರಡಿಸ್ ಮತ್ತು ಸಂಗಡಿಗರು 2003ರಲ್ಲಿ ಭಾಷಾ ಬೆಳವಣಿಗೆಯ ದೋಷವಿದ್ದ ಫ್ರೆಂಚ್–ಇಂಗ್ಲಿಷ್ ಮಕ್ಕಳನ್ನು, ಅದೇ ದೋಷವಿದ್ದ ಏಕಭಾಷಿ ಮಕ್ಕಳೊಂದಿಗೆ ಹೋಲಿಸಿದಾಗ, ದ್ವಿಭಾಷಿ ಮಕ್ಕಳ ತೊಂದರೆ ಹೆಚ್ಚಿನದಾಗಿರಲಿಲ್ಲ. ಎರಡೂ ಭಾಷೆಗಳಲ್ಲಿ ಮಾತು ಹಿಂದಿದ್ದರೆ, ಕರೆದರೆ ತಿರುಗಿ ನೋಡದಿದ್ದರೆ, ಎರಡು ವರ್ಷವಾದರೂ ಪದಗಳನ್ನು ಜೋಡಿಸದಿದ್ದರೆ ಕೇಳುವ ಶಕ್ತಿಯನ್ನೂ ಮಾತನ್ನೂ ತಕ್ಷಣ ತಪಾಸಣೆ ಮಾಡಿಸಿ. ದ್ವಿಭಾಷಿ ಮಗುವಲ್ಲವೇ, ತಡವಾಗುತ್ತದೆ ಎಂದು ಕಾಯುತ್ತ ಕೂರಬೇಡಿ. ಆದರೆ ಪರಿಹಾರವೆಂದು ಮನೆಮಾತನ್ನು ನಿಲ್ಲಿಸುವುದರಿಂದ ದೋಷ ಹೋಗುವುದಿಲ್ಲ, ಮಗುವಿನೊಂದಿಗೆ ಸುಲಭವಾಗಿ ಆಡುತ್ತಿದ್ದ ಮಾತು ಮಾತ್ರ ನಿಂತುಹೋಗುತ್ತದೆ.