ಮೇಲ್ಮೈ ಹತ್ತು ಸೆಂಟಿಮೀಟರ್ ತಗ್ಗಿದರೆ

ಅಂಟಾರ್ಕ್ಟಿಕದ ಹಿಮಚಾಚುಗಳು ಕರಗುತ್ತಿರುವುದನ್ನು ಉಪಗ್ರಹ ‘ಕಂಡಿತು’ ಎಂದು ಸುದ್ದಿಗಳಲ್ಲಿ ಓದುತ್ತೇವೆ. ಅದು ಅಷ್ಟು ಸರಳವಲ್ಲ. ಭೂಖಂಡದ ಹಿಮನದಿಗಳು ಸಮುದ್ರಕ್ಕೆ ಚಾಚಿಕೊಂಡು ತೇಲುವ ಭಾಗವೇ ಹಿಮಚಾಚು, ಅಂದರೆ ಐಸ್ ಶೆಲ್ಫ್. ಅದು ಹೆಚ್ಚಾಗಿ ಕರಗುವುದು ತಳದಲ್ಲಿ, ನೂರಾರು ಮೀಟರ್ ಮಂಜುಗಡ್ಡೆಯ ಕೆಳಗೆ. ಉಪಗ್ರಹದ ಯಾವ ಕ್ಯಾಮೆರಾವೂ ಅಲ್ಲಿಗೆ ಇಣುಕಲಾರದು. ಉಪಗ್ರಹ ದತ್ತಾಂಶದ ಲೆಕ್ಕ ಹಾಕುವ ನಮಗೆ ಸಿಗುವುದು ಮೇಲ್ಮೈಯ ಎತ್ತರ ಮಾತ್ರ. ಕರಗಿದ್ದೆಷ್ಟು ಎಂಬುದನ್ನು ಕೂಡಿಸಿ ಕಳೆದು ತೆಗೆಯಬೇಕು.

ಹಿಮಚಾಚು ತೇಲುತ್ತದೆ ಎಂಬುದೇ ನಮ್ಮ ಬಂಡವಾಳ. ಮಂಜುಗಡ್ಡೆಯ ಸಾಂದ್ರತೆ ಘನಮೀಟರಿಗೆ ಸುಮಾರು 917 ಕಿಲೋಗ್ರಾಂ, ಸಮುದ್ರದ ನೀರಿನದು 1028. ಹಾಗಾಗಿ ದಪ್ಪದ ಒಂಬತ್ತನೆಯ ಒಂದು ಪಾಲಷ್ಟೇ ನೀರಿನ ಮೇಲಿರುತ್ತದೆ. ಮೇಲ್ಮೈ 10 ಸೆಂಟಿಮೀಟರ್ ತಗ್ಗಿತೆಂದರೆ ಮಂಜುಗಡ್ಡೆ ಸುಮಾರು 90 ಸೆಂಟಿಮೀಟರ್ ತೆಳುವಾಗಿದೆ ಎಂದರ್ಥ. ಎತ್ತರದ ಅಳತೆಯಲ್ಲಿ ನುಸುಳಿದ ತಪ್ಪೂ ಅದೇ ಒಂಬತ್ತು ಪಟ್ಟು ಹಿಗ್ಗುತ್ತದೆ. ನಮ್ಮ ಸಮಯವೆಲ್ಲ ಹೋಗುವುದು ಇಲ್ಲಿಯೇ.

ಗುರುತ್ವವನ್ನು ಅಳೆಯುವ ಗ್ರೇಸ್ ಉಪಗ್ರಹಗಳ ನೆರವು ಪಡೆಯಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ನೆಲದ ಮೇಲಿನ ಹಿಮದ ನಷ್ಟವನ್ನು ಅವು ಚೆನ್ನಾಗಿ ತೂಗುತ್ತವೆ. ಆದರೆ ತೇಲುವ ಹಿಮ ತನ್ನ ತೂಕದಷ್ಟೇ ನೀರನ್ನು ಸರಿಸಿರುತ್ತದೆ. ಅದು ಕರಗಿದರೂ ಅಲ್ಲಿನ ಒಟ್ಟು ತೂಕ ಹೆಚ್ಚುಕಡಿಮೆ ಹಾಗೆಯೇ ಉಳಿಯುವುದರಿಂದ ಗ್ರೇಸ್‌ಗೆ ಅದು ಗೊತ್ತಾಗುವುದಿಲ್ಲ.

ಎತ್ತರದ ಅಳತೆಯಲ್ಲಿ ಮೊದಲ ತೊಡಕು ಉಬ್ಬರವಿಳಿತ. ಅಂಟಾರ್ಕ್ಟಿಕದ ವೆಡೆಲ್ ಸಮುದ್ರದ ರೋನ್ ಹಿಮಚಾಚು ದಿನವೂ ಮೀಟರುಗಟ್ಟಲೆ ಏರಿಳಿಯುತ್ತದೆ. ಅದನ್ನು ಕಳೆಯದೆ ಸೆಂಟಿಮೀಟರುಗಳ ಮಾತಾಡುವುದರಲ್ಲಿ ಅರ್ಥವಿಲ್ಲ. ಎರಡನೆಯದು ಹಿಮದ ಗುಣ. ಅಲೆ ಮರಳುವ ಸಮಯದಿಂದ ಎತ್ತರ ಅಳೆಯುವ, 2010ರಲ್ಲಿ ಹಾರಿದ ಕ್ರಯೋಸ್ಯಾಟ್-2 ಉಪಗ್ರಹದ ರೇಡಾರ್ ಅಲೆಗಳು ಒಣಹಿಮದೊಳಗೆ ಕೆಲವು ಮೀಟರ್ ಇಳಿದು ಮರಳುತ್ತವೆ. 2012ರ ಜುಲೈನಲ್ಲಿ ಗ್ರೀನ್‌ಲ್ಯಾಂಡಿನ ಬಹುತೇಕ ಇಡೀ ಮೇಲ್ಮೈ ಕರಗಿ ಮತ್ತೆ ಹೆಪ್ಪುಗಟ್ಟಿತು. ಆ ಗಟ್ಟಿ ಪದರ ಅಲೆಗಳನ್ನು ಮೇಲೆಯೇ ತಡೆದು ಹಿಂದಕ್ಕೆ ಕಳಿಸಿದ್ದರಿಂದ, ಕರಗಿದ ಮೇಲ್ಮೈ ಎತ್ತರವಾದಂತೆ ದತ್ತಾಂಶ ತೋರಿಸಿತು! 2013ರ ಫೆಬ್ರವರಿಯಲ್ಲಿ ಶ್ರೀಹರಿಕೋಟಾದಿಂದ ಹಾರಿದ ಭಾರತ-ಫ್ರಾನ್ಸ್‌ಗಳ ಸರಳ್ ಉಪಗ್ರಹದ ಅಲೆಗಳು ಇಷ್ಟು ಆಳಕ್ಕೆ ಇಳಿಯುವುದಿಲ್ಲ. 2018ರ ಐಸ್‌ಸ್ಯಾಟ್-2ರ ಹಸಿರು ಲೇಸರ್ ಮೇಲ್ಮೈಯಿಂದಲೇ ಚಿಮ್ಮಿ ಮರಳುತ್ತದೆ, ಆದರೆ ದಟ್ಟ ಮೋಡ ಕವಿದರೆ ಅದು ನಿರುಪಯೋಗಿ.

ಇಷ್ಟಾದರೂ ಸಿಕ್ಕಿದ್ದು ತೆಳುವಾದ ಪ್ರಮಾಣವೇ ಹೊರತು ಕರಗಿದ ಪ್ರಮಾಣವಲ್ಲ. ಹರಿಯುತ್ತಾ ಹಿಗ್ಗುವ ಹಿಮಚಾಚು ಕರಗದೆಯೂ ತೆಳುವಾಗುತ್ತದೆ. ಹಿಂದಿನಿಂದ ಹಿಮನದಿ ಹೊಸ ಹಿಮ ತಂದು ತುಂಬುತ್ತದೆ. ಮೇಲೆ ಹಿಮ ಬೀಳುತ್ತದೆ. ಹರಿವಿನ ವೇಗವನ್ನು ಸೆಂಟಿನೆಲ್-1ರಂತಹ ಉಪಗ್ರಹಗಳ ರೇಡಾರ್ ಚಿತ್ರಗಳಿಂದ ಪಡೆಯುತ್ತೇವೆ. ಬಿದ್ದ ಹಿಮದ ಲೆಕ್ಕ ಬಹುಮಟ್ಟಿಗೆ ಹವಾಮಾನ ಮಾದರಿಗಳದು. ಕರಗುವಿಕೆಯ ಹೊಸ ನಕ್ಷೆ ಕೈಗೆ ಬಂದಾಗ ನಾನು ಮೊದಲು ನೋಡುವುದು ಯಾವ ಮಾದರಿ ಬಳಸಿದ್ದಾರೆ ಎಂಬುದನ್ನೇ.

ಇಂಥ ಲೆಕ್ಕ 2013ರಲ್ಲಿ ಒಂದು ಹಳೆಯ ನಂಬಿಕೆಯನ್ನು ಬುಡಮೇಲು ಮಾಡಿತು. ಹಿಮಚಾಚುಗಳು ಸವೆಯುವುದು ಮುಖ್ಯವಾಗಿ ಹಿಮಬಂಡೆಗಳು ಒಡೆದು ತೇಲಿಹೋಗುವುದರಿಂದ ಎಂದುಕೊಂಡಿದ್ದೆವು. ಹಿಮವಿಜ್ಞಾನಿ ಎರಿಕ್ ರಿನ್ಯೋ ಮತ್ತು ಸಂಗಡಿಗರು 2003ರಿಂದ 2008ರವರೆಗಿನ ಅವಧಿಗೆ ತಳದ ಕರಗುವಿಕೆಯನ್ನು ವರ್ಷಕ್ಕೆ 1325 ಶತಕೋಟಿ ಟನ್ ಎಂದೂ, ಒಡೆದು ಹೋದದ್ದನ್ನು 1089 ಎಂದೂ ಅಂದಾಜು ಮಾಡಿದರು. ಕರಗಿದ ನೀರಿನ ಅರ್ಧದಷ್ಟು ಬಂದದ್ದು ಪೆಸಿಫಿಕ್ ಕಡೆಯ ಹತ್ತು ಸಣ್ಣ ಹಿಮಚಾಚುಗಳಿಂದ. ವಿಸ್ತಾರದಲ್ಲಿ ಅವುಗಳ ಪಾಲು ಶೇ 8 ಮಾತ್ರ! ಅಲ್ಲಿ ಆಳದ ಬೆಚ್ಚನೆಯ ನೀರು ತಳಕ್ಕೇ ನುಗ್ಗುತ್ತದೆ.

ತೇಲುವ ಹಿಮ ಕರಗಿದರೆ ಸಮುದ್ರಮಟ್ಟ ನೇರವಾಗಿ ಏರುವುದು ತೀರಾ ಅಲ್ಪ, ನಿಜ. ಆದರೆ 2002ರಲ್ಲಿ ಲಾರ್ಸೆನ್-ಬಿ ಹಿಮಚಾಚಿನ 3250 ಚದರ ಕಿಲೋಮೀಟರ್ ಕೆಲವೇ ವಾರಗಳಲ್ಲಿ ಚೂರಾಯಿತು. ತಡೆ ಕಳೆದುಕೊಂಡ ಹಿಂದಿನ ಹಿಮನದಿಗಳು ಕೆಲವು ಪಟ್ಟು ವೇಗವಾಗಿ ಸಮುದ್ರಕ್ಕೆ ಇಳಿದವು. ಮಟ್ಟ ಏರಿಸುವುದು ನೆಲದಿಂದ ಇಳಿದ ಆ ಹಿಮ.

2025ರ ಜುಲೈ 30ರಂದು ಹಾರಿದ ನಾಸಾ-ಇಸ್ರೋಗಳ ನಿಸಾರ್, 12 ದಿನಕ್ಕೊಮ್ಮೆ ಅದೇ ಜಾಗಕ್ಕೆ ಮರಳುವಂತೆ ರೂಪಿಸಿದ ರೇಡಾರ್ ಉಪಗ್ರಹ. ಹರಿವಿನ ವೇಗದ ಬಾಬತ್ತಿನಲ್ಲಿ ನಮ್ಮ ಲೆಕ್ಕ ಅದರಿಂದ ಗಟ್ಟಿಯಾದೀತು. ಬಿದ್ದ ಹಿಮದ ವಿಷಯದಲ್ಲಿ ಮಾತ್ರ ಇನ್ನೂ ಮಾದರಿಗಳನ್ನೇ ನೆಚ್ಚಿಕೊಳ್ಳಬೇಕು.