ಹುದ್ದೆ ಅದೇ, ಕೆಲಸ ಬೇರೆ

‘ಯಾರೂ ಹೇಳದಿದ್ದರೂ ನೀವಾಗಿಯೇ ಮಾಡುವ ಕೆಲಸ ಯಾವುದು?’ ನೌಕರರ ಜತೆ ಮಾತಿಗೆ ಕೂತಾಗಲೆಲ್ಲ ನಾನು ಈ ಪ್ರಶ್ನೆ ಕೇಳುತ್ತೇನೆ. ಬರುವ ಉತ್ತರದಲ್ಲಿ ಅವರ ತೃಪ್ತಿಯ ಅರ್ಧ ಲೆಕ್ಕ ಸಿಕ್ಕಿಬಿಡುತ್ತದೆ.

ಹುದ್ದೆ ಅದೇ ಇದ್ದರೂ ಕೆಲಸವನ್ನು ಹೀಗೆ ತಾವಾಗಿಯೇ ತಿದ್ದಿಕೊಳ್ಳುವುದಕ್ಕೆ ‘ಜಾಬ್ ಕ್ರಾಫ್ಟಿಂಗ್’ ಎಂಬ ಹೆಸರು ಕೊಟ್ಟವರು ಅಮೆರಿಕದ ಸಂಶೋಧಕಿಯರಾದ ಏಮಿ ರೆಸ್ನೆಸ್ಕಿ ಮತ್ತು ಜೇನ್ ಡಟನ್, 2001ರಲ್ಲಿ. ಅವರು ಮಾತಾಡಿಸಿದ್ದು ಅಲ್ಲಿನ ಆಸ್ಪತ್ರೆಯೊಂದರ ಸ್ವಚ್ಛತಾ ಸಿಬ್ಬಂದಿಯನ್ನು. ಕೆಲವರು ನೆಲ ಒರೆಸಿ ಪಾಳಿ ಮುಗಿಸುತ್ತಿದ್ದರು. ಇನ್ನು ಕೆಲವರು ರೋಗಿಗಳನ್ನು ವಿಚಾರಿಸಿಕೊಳ್ಳುತ್ತಿದ್ದರು, ನರ್ಸ್‌ಗಳಿಗೆ ಅನುಕೂಲವಾಗುವ ಹೊತ್ತು ನೋಡಿಕೊಂಡು ಗುಡಿಸುತ್ತಿದ್ದರು. ಕೋಮಾದಲ್ಲಿದ್ದವರ ಕೋಣೆಯ ಗೋಡೆಚಿತ್ರಗಳನ್ನು ಒಬ್ಬರು ಆಗಾಗ ಅದಲುಬದಲು ಮಾಡುತ್ತಿದ್ದರಂತೆ, ಅದರಿಂದ ಒಳ್ಳೆಯದಾದೀತೆಂಬ ಆಸೆಯಿಂದ. ರೋಗಿ ಗುಣವಾಗುವುದರಲ್ಲಿ ತಮ್ಮದೂ ಪಾಲಿದೆ ಎಂದು ನಂಬಿದವರಿಗೆ ಆ ಕೆಲಸ ಇಷ್ಟವೂ ಆಗಿತ್ತು.

ಆದರೆ ಎಲ್ಲ ಬದಲಾವಣೆಯೂ ತೃಪ್ತಿ ತರುವುದಿಲ್ಲ. 2017ರಲ್ಲಿ 35 ಸಾವಿರಕ್ಕೂ ಹೆಚ್ಚು ಉದ್ಯೋಗಿಗಳ ಕುರಿತ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಕೆಲಸವನ್ನು ತಾವೇ ತಿದ್ದಿಕೊಳ್ಳುವವರಲ್ಲಿ ಒಟ್ಟಾರೆ ತೃಪ್ತಿ ಹೆಚ್ಚಿತ್ತು. ತೊಡಕಿನ ಭಾಗವನ್ನು ಬರೀ ತಪ್ಪಿಸಿಕೊಳ್ಳುವ ರೀತಿ ಮಾತ್ರ ಮಾನಸಿಕ ಒತ್ತಡಕ್ಕೂ ಕೆಲಸ ಬಿಡುವ ಯೋಚನೆಗೂ ಜೊತೆಯಾಗಿ ಕಂಡಿತ್ತು. ತಪ್ಪಿಸಿಕೊಂಡಿದ್ದರಿಂದ ಬೇಸರ ಬಂತೋ, ಬೇಸತ್ತವರೇ ತಪ್ಪಿಸಿಕೊಳ್ಳುತ್ತಾರೋ? ಎರಡೂ ಇರಬಹುದು.

ನನ್ನ ಬಳಿ ಬಂದಿದ್ದ ಒಬ್ಬ ಬ್ಯಾಂಕ್ ಕ್ಯಾಷಿಯರ್‌ರಲ್ಲಿ ಎರಡನ್ನೂ ಕಂಡೆ. ‘ಮೇಡಂ, ರಾಜೀನಾಮೆ ಬರೆದು ಡ್ರಾಯರ್‌ನಲ್ಲಿ ಇಟ್ಕೊಂಡಿದೀನಿ’ ಎಂದಿದ್ದರು. ಜಗಳ ಮಾಡುವ ಗ್ರಾಹಕರನ್ನು ಪಕ್ಕದ ಕೌಂಟರಿಗೆ ದಾಟಿಸುವುದನ್ನು ರೂಢಿ ಮಾಡಿಕೊಂಡಿದ್ದರು. ಹಗುರಾಯಿತೇನೋ ನಿಜ, ಆದರೆ ದಿನ ಇನ್ನಷ್ಟು ಉದ್ದವಾಗಿತ್ತು. ಸಹೋದ್ಯೋಗಿ ಮಾತು ಬಿಟ್ಟಿದ್ದರು. ನನ್ನ ಪ್ರಶ್ನೆಗೆ ತುಂಬ ಹೊತ್ತು ಯೋಚಿಸಿ, ‘ಪಿಂಚಣಿಗೆ ಬರೋ ಅಜ್ಜ ಅಜ್ಜಿಯರಿಗೆ ಚಲನ್ ತುಂಬಿಕೊಡ್ತೀನಿ’ ಎಂದರು. ಅಲ್ಲಿಂದ ಶುರು ಮಾಡೋಣ ಎಂದೆ. ತಿಂಗಳ ಮೊದಲ ವಾರ ಬಾಗಿಲ ಬಳಿ ಒಂದು ಮೇಜು ಹಾಕಿಸಿಕೊಂಡರು, ಪಾಸ್‌ಬುಕ್ ಓದಿ ಹೇಳಿದರು, ಎಸ್‌ಎಂಎಸ್ ಬಂದರೆ ಏನು ನೋಡಬೇಕೆಂದು ಕಲಿಸಿದರು. ಮೂರನೇ ತಿಂಗಳ ಹೊತ್ತಿಗೆ ಮುಖದಲ್ಲಿ ಕಳೆ ಬಂದಿತ್ತು.

ಅಷ್ಟರಲ್ಲಿ ಶಾಖೆಯಲ್ಲಿ ಪಿಂಚಣಿಯ ಕೆಲಸವೆಲ್ಲ ಅವರ ತಲೆಗೇ ಬಿತ್ತು. ಕೌಂಟರ್ ಕೆಲಸ ಒಂದಿಷ್ಟೂ ಕಡಿಮೆಯಾಗಲಿಲ್ಲ. ಮನಸ್ಸಿಟ್ಟು ಮಾಡುವವರ ಮೇಲೆ ಹೊರೆ ಹೇರುವ ಈ ಅಭ್ಯಾಸ ನನಗೆ ಬಹಳ ಸಂಕಟ ಕೊಡುತ್ತದೆ. ಒಬ್ಬರು ಪ್ರೀತಿಯಿಂದ ಸೇರಿಸಿಕೊಂಡದ್ದನ್ನೇ ಅವರಿಗೆ ಶಿಕ್ಷೆಯಾಗಿಸುತ್ತೇವೆ. ಅಮೆರಿಕದ ಶಿಶುಪಾಲನಾ ಕೇಂದ್ರಗಳನ್ನು ನೋಡಿದ 2009ರ ಅಧ್ಯಯನವೊಂದರಲ್ಲಿ ಆರೈಕೆಯ ಗುಣಮಟ್ಟ ಮೇಲಿದ್ದದ್ದು ಶಿಕ್ಷಕಿಯರು ಕೂಡಿ ಕೆಲಸ ತಿದ್ದಿಕೊಂಡ ಕಡೆ. ಒಬ್ಬೊಬ್ಬರೇ ಮಾಡಿಕೊಂಡ ಬದಲಾವಣೆಯಿಂದ ಆ ಫಲ ಕಾಣಲಿಲ್ಲ. ಅದನ್ನೇ ಮ್ಯಾನೇಜರ್ ಮುಂದಿಟ್ಟೆ. ಮೊದಲ ವಾರದ ಮೇಜಿಗೆ ಈಗ ಸರದಿ ಪಟ್ಟಿ ಇದೆ, ಆ ಹೊತ್ತಿಗೆ ಕೌಂಟರಿಗೆ ಬೇರೆಯವರು ಕೂರುತ್ತಾರೆ. ಮಾತು ಬಿಟ್ಟಿದ್ದ ಸಹೋದ್ಯೋಗಿಯೂ ಪಟ್ಟಿಯಲ್ಲಿದ್ದಾರೆ. ಕಳೆದ ಬಾರಿ ಹೋದಾಗ ಅವರೇ ಕೂತು ಒಬ್ಬ ಅಜ್ಜಿಗೆ ಹೆಬ್ಬೆಟ್ಟು ಒತ್ತಲು ಇಂಕ್ ಪ್ಯಾಡ್ ಹಿಡಿದಿದ್ದರು.