ಆರ್ಕ್ಟಿಕ್ ಸಮುದ್ರಕ್ಕೆ ಗಾಳಿಯಿಂದ ಎಷ್ಟು ಕಬ್ಬಿಣ ಬೀಳುತ್ತದೆ? ಬೆರಿಲಿಯಮ್-7 ಕೊಡುವ ಲೆಕ್ಕ

ಹಡಗಿನ ಮೇಲೆ ಮಾಪಕ ಇಟ್ಟು ಆರ್ಕ್ಟಿಕ್‌ನ ಹಿಮಪಾತ ಅಳೆಯಲು ಹೊರಟರೆ ಸಿಗುವ ಅಂಕಿಯನ್ನು ನಂಬುವಂತಿಲ್ಲ. ಗಾಳಿ ಹಿಮವನ್ನು ಅಡ್ಡಡ್ಡ ಹೊಡೆಯುತ್ತದೆ. ಮಂಜುಗಡ್ಡೆಯ ಮೇಲೆ ಹಿಂದೆಂದೋ ಬಿದ್ದ ಹಿಮ ಎದ್ದು ಬಂದು ಪಾತ್ರೆಯಲ್ಲಿ ಕೂರುತ್ತದೆ, ಜೊತೆಗೆ ಉಪ್ಪುನೀರಿನ ತುಂತುರು ಬೇರೆ. ಗಾಳಿಯಲ್ಲಿ ಕಬ್ಬಿಣ, ಅಲ್ಯುಮಿನಿಯಮ್, ಸೀಸ ಎಷ್ಟಿವೆ ಎಂದು ಫಿಲ್ಟರ್ ಹಾಕಿ ಅಳೆಯಬಹುದು. ಅದರಲ್ಲಿ ದಿನಕ್ಕೆ ಎಷ್ಟು ಪಾಲು ನೀರಿಗೆ ಇಳಿಯುತ್ತದೆ ಎಂಬುದೇ ಕಗ್ಗಂಟು. ಅದನ್ನು ಬಿಡಿಸಲು ಬಳಸುವುದು ಬೆರಿಲಿಯಮ್-7, ಅಂದರೆ ಬೆರಿಲಿಯಮ್ ಧಾತುವಿನ ಒಂದು ವಿಕಿರಣಶೀಲ ರೂಪ.

ಕಾಸ್ಮಿಕ್ ಕಿರಣಗಳು ವಾಯುಮಂಡಲದ ಮೇಲ್ಪದರಗಳಲ್ಲಿ ಸಾರಜನಕ, ಆಮ್ಲಜನಕದ ಪರಮಾಣುಗಳನ್ನು ಒಡೆದಾಗ ಇದು ಹುಟ್ಟುತ್ತದೆ. ಹುಟ್ಟಿದ ಕೂಡಲೇ ಒಂದು ಮೈಕ್ರಾನ್‌ಗಿಂತ ಸಣ್ಣ ಕಣಗಳಿಗೆ ಅಂಟಿಕೊಳ್ಳುತ್ತದೆ, ಮುಖ್ಯವಾಗಿ ಮಳೆ ಮತ್ತು ಹಿಮದ ಜೊತೆ ಕೆಳಗಿಳಿಯುತ್ತದೆ. ಅರ್ಧಾಯುಷ್ಯ ಸುಮಾರು 53 ದಿನ. ತೆರೆದ ಸಮುದ್ರದಲ್ಲಿ ಬಹುಪಾಲು ನೀರಿನಲ್ಲಿ ಕರಗಿಯೇ ಇರುತ್ತದೆ, ತಳಕ್ಕೆ ಇಳಿಯುವ ಮೊದಲೇ ಕ್ಷಯಿಸುತ್ತದೆ. ಸೋರುವ ತೊಟ್ಟಿಯ ಮಟ್ಟ ಏರದೆ ಇಳಿಯದೆ ನಿಂತಿದ್ದರೆ ನಲ್ಲಿಯಿಂದ ಬರುವಷ್ಟೇ ನೀರು ಸೋರಿಹೋಗುತ್ತಿದೆ ಎಂದಲ್ಲವೇ? ಇಲ್ಲಿ ಸೋರಿಕೆ ಎಂದರೆ ಕ್ಷಯ, ಅದರ ದರ ಕರಾರುವಾಕ್ಕಾಗಿ ಗೊತ್ತು: ದಿನಕ್ಕೆ 0.013, ಅಂದರೆ ಇದ್ದದ್ದರ ಶೇ 1.3. ಒಂದು ಚದರ ಮೀಟರ್ ಮೇಲ್ಮೈಯ ಕೆಳಗಿರುವ ಒಟ್ಟು ದಾಸ್ತಾನನ್ನು ಇದರಿಂದ ಗುಣಿಸಿದರೆ ಆಕಾಶದಿಂದ ಬೀಳುವ ದರ ಸಿಕ್ಕಿತು. ಅದನ್ನು ಗಾಳಿಯಲ್ಲಿನ ಬೆರಿಲಿಯಮ್-7ರ ಪ್ರಮಾಣದಿಂದ ಭಾಗಿಸಿದರೆ ಒಟ್ಟಾರೆ ನಿಕ್ಷೇಪಣ ವೇಗ, ಅಂದರೆ ದಿನಕ್ಕೆ ಎಷ್ಟು ಮೀಟರ್ ಎತ್ತರದ ಗಾಳಿ ತೊಳೆದುಹೋಗುತ್ತಿದೆ ಎಂಬ ಅಂಕಿ. ಕಬ್ಬಿಣಕ್ಕೂ ಅದೇ ವೇಗವನ್ನು ಹಚ್ಚುತ್ತೇವೆ. 2015ರಲ್ಲಿ ಹೀಲಿ ಎಂಬ ಐಸ್‌ಬ್ರೇಕರ್‌ನಲ್ಲಿ ಉತ್ತರ ಧ್ರುವದವರೆಗೆ ಹೋದ ಅಮೆರಿಕದ ಜಿಯೋಟ್ರೇಸಸ್ (ಸಮುದ್ರದ ವಿರಳ ಧಾತುಗಳನ್ನು ಅಳೆಯುವ ಅಂತರರಾಷ್ಟ್ರೀಯ ಕಾರ್ಯಕ್ರಮ) ಯಾನದಲ್ಲೂ ಇದೇ ದಾರಿ ಹಿಡಿದಿದ್ದರು.

ಸೂತ್ರ ಒಂದು ಸಾಲಿನದು. ಎಡವುವುದು ದಾಸ್ತಾನು ಅಳೆಯುವಲ್ಲಿ, ಅದೂ ಮಾದರಿ ಡಿಟೆಕ್ಟರ್ ತಲುಪುವುದಕ್ಕೆ ಬಹಳ ಮೊದಲು.

ಮೇಲ್ಮೈ ನೀರಿನಲ್ಲಿ ಘನ ಮೀಟರಿಗೆ 2 ಬೆಕೆರೆಲ್ (ಒಂದು ಬೆಕೆರೆಲ್ ಎಂದರೆ ಸೆಕೆಂಡಿಗೆ ಒಂದು ಕ್ಷಯ) ಇದೆ ಎಂದಿಟ್ಟುಕೊಳ್ಳಿ. ಬಕೆಟ್ ನೀರು ಸಾಲುವುದಿಲ್ಲ, 600 ಲೀಟರ್ ಬೇಕು. ಅಷ್ಟನ್ನೂ ಊರಿಗೆ ಹೊತ್ತು ತರಲಾಗದು. ಆದ್ದರಿಂದ ಡ್ರಮ್ಮಿಗೆ ಪಂಪ್ ಮಾಡಿ, ಅಲ್ಲಿಂದ ಕಬ್ಬಿಣದ ಹೈಡ್ರಾಕ್ಸೈಡ್ ಲೇಪಿಸಿದ ಅಕ್ರಿಲಿಕ್ ನಾರಿನ ಮೂಲಕ ಹಾಯಿಸುತ್ತಾರೆ. ಬೆರಿಲಿಯಮ್ ನಾರಿಗೆ ಹಿಡಿದುಕೊಳ್ಳುತ್ತದೆ. ಸಮುದ್ರದ ನೀರಿನಿಂದ ವಿರಳ ಧಾತುಗಳನ್ನು ಕಬ್ಬಿಣದ ಹೈಡ್ರಾಕ್ಸೈಡಿನಿಂದ ಹೆಕ್ಕುವ ಉಪಾಯ ಹಳೆಯದು. ಭಾರತದ ದೇವೇಂದ್ರ ಲಾಲ್ ಮತ್ತು ಜೊತೆಗಾರರು 1960ರ ದಶಕದಲ್ಲೇ ಸ್ಪಂಜಿನ ಮೇಲೆ ಅದನ್ನು ಲೇಪಿಸಿ ತೋರಿಸಿದ್ದರು. ಎಲ್ಲ ಬೆರಿಲಿಯಮ್ಮೂ ನಾರಿಗೆ ಹತ್ತುವುದಿಲ್ಲ. ಡ್ರಮ್ಮಿಗೆ ಅಳತೆಯ ಸ್ಥಿರ (ಕ್ಷಯಿಸದ) ಬೆರಿಲಿಯಮ್ ಹಾಕಿ, ನಾರಿಗೆ ಮುಂಚಿನ ನೀರಿನಲ್ಲೂ ನಂತರದ ನೀರಿನಲ್ಲೂ ಅದನ್ನು ಅಳೆದರೆ ಎಷ್ಟು ಪಾಲು ಹಿಡಿಯಿತು ಎಂದು ತಿಳಿಯುತ್ತದೆ. ಈ ಪಾಲು ಪ್ರತಿ ಸಲ ತಯಾರಿಸಿದ ನಾರಿಗೂ, ಹರಿವಿನ ವೇಗಕ್ಕೂ ಬದಲಾಗುವುದರಿಂದ ಪುಸ್ತಕದಿಂದ ಎತ್ತಿ ಹಾಕಬಾರದು.

ನಾರನ್ನು ಒಣಗಿಸಿ, ಕುಲುಮೆಯಲ್ಲಿ ನಿಧಾನವಾಗಿ ಬೂದಿ ಮಾಡಿ, ಬಿಲ್ಲೆಯಾಗಿ ಒತ್ತಿ ಜರ್ಮೇನಿಯಮ್ ಡಿಟೆಕ್ಟರ್ ಮೇಲೆ ಇಡುತ್ತಾರೆ. ಅಕ್ರಿಲಿಕ್ ಸುಟ್ಟರೆ ಹೈಡ್ರೋಜನ್ ಸಯನೈಡ್ ಬರುತ್ತದೆ. ಹೊಗೆ ಎಳೆಯುವ ವ್ಯವಸ್ಥೆ ಇಲ್ಲದ ಕೋಣೆಯಲ್ಲಿ ಈ ಕೆಲಸಕ್ಕೆ ಕೈ ಹಾಕಲೇಬಾರದು.

ಎಣಿಕೆ ಎಷ್ಟು ಬರುತ್ತದೆ ನೋಡಿ. 600 ಲೀಟರಿನಲ್ಲಿ 1.2 ಬೆಕೆರೆಲ್, ನಾರು ಹಿಡಿದದ್ದು ಸುಮಾರು 1. ನೂರು ಕ್ಷಯಗಳಲ್ಲಿ ಹತ್ತರಲ್ಲಿ ಮಾತ್ರ 477.6 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನ ಗಾಮಾ ಹೊರಡುತ್ತದೆ. ಡಿಟೆಕ್ಟರ್ ಅದರಲ್ಲಿ ಶೇ 3ರಷ್ಟನ್ನು ಕಂಡರೆ ಇಡೀ ದಿನಕ್ಕೆ 270 ಎಣಿಕೆ. ಎರಡು ದಿನ ಇಟ್ಟರೂ ಅನಿಶ್ಚಿತತೆ ಶೇ 4ಕ್ಕಿಂತ ಕೆಳಗಿಳಿಯದು, ಮಾದರಿ ಇಲ್ಲದಾಗಲೂ ಬರುವ ಹಿನ್ನೆಲೆ ಎಣಿಕೆ ಕಳೆದ ಮೇಲೆ ಇನ್ನೂ ಹೆಚ್ಚು. ಮಾದರಿಗಳು ಹಡಗಿನಲ್ಲೇ ಎರಡು ತಿಂಗಳು ಕೂತರೆ ಅರ್ಧಕ್ಕಿಂತ ಹೆಚ್ಚು ಕ್ಷಯಿಸಿರುತ್ತದೆ. ಹಾಗಾಗಿ ಬಂದರಿಗೆ ಬಂದ ಮೇಲೆ ಯಾವ ಮಾದರಿ ಮೊದಲು ಎಂಬ ಸರದಿಯನ್ನು ಯಾನಕ್ಕೆ ಮುಂಚೆಯೇ ಬರೆದಿಡಬೇಕು.

ಇನ್ನೊಂದು ಬಲೆ ಇದೆ. ಆಕ್ಟಿನಿಯಮ್-228 ಎಂಬ ಇನ್ನೊಂದು ವಿಕಿರಣಶೀಲ ಧಾತು ಕೂಡ 478.3 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಒಂದು ದುರ್ಬಲ ಗಾಮಾ ಗೆರೆ ಕೊಡುತ್ತದೆ. ಡಿಟೆಕ್ಟರ್ ಇವೆರಡನ್ನೂ ಬೇರೆ ಮಾಡಲಾರದು. ಅದರ ಜನಕ ರೇಡಿಯಮ್-228 ಆರ್ಕ್ಟಿಕ್‌ನ ಅಗಲವಾದ ಭೂಖಂಡ ಚಾಚುಗಳ (ತೀರದಾಚೆಯ ಆಳ ಕಡಿಮೆಯ ಸಮುದ್ರತಳ) ಕೆಸರಿನಿಂದ ಧಾರಾಳವಾಗಿ ಬರುತ್ತದೆ, ಸ್ವಲ್ಪ ನಾರಿಗೂ ಹತ್ತಬಹುದು. ಆಕ್ಟಿನಿಯಮ್‌ನದೇ 911 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನ ಬಲವಾದ ಗೆರೆ ಕಂಡರೆ ಅದರ ಅನುಪಾತದಲ್ಲಿ ಕಳೆಯಿರಿ.

ಇಷ್ಟೆಲ್ಲ ಆದರೂ ಪ್ರಯೋಗಾಲಯದ ತಪ್ಪುಗಳು ಶೇಕಡಾ ಹತ್ತು, ಹದಿನೈದರ ಮಾತು. ಮಂಜುಗಡ್ಡೆಯ ತಪ್ಪು ಅದಕ್ಕಿಂತ ದೊಡ್ಡದು. ಮಂಜುಗಡ್ಡೆ ಮುಚ್ಚಿದ ಸಮುದ್ರದಲ್ಲಿ ಬಿದ್ದದ್ದೆಲ್ಲ ನೀರಿಗೆ ಸೇರುವುದಿಲ್ಲ, ಒಂದು ಪಾಲು ಹಿಮದಲ್ಲೇ ಕೂತಿರುತ್ತದೆ. ಮೇಲಿನ 20 ಮೀಟರ್ ಮಿಶ್ರ ಪದರದಲ್ಲಿ (ಕಲಕಿ ಒಂದೇ ಸಮನಾದ ಮೇಲ್ನೀರು) ಚದರ ಮೀಟರಿಗೆ 40 ಬೆಕೆರೆಲ್, ಮಂಜಿನ ಹೊದಿಕೆ ಶೇ 80, ಮಂಜಿನ ಮೇಲಿನ ಹಿಮದಲ್ಲಿ ಚದರ ಮೀಟರಿಗೆ 20 ಬೆಕೆರೆಲ್ ಎಂದು ಒಂದು ಉದಾಹರಣೆ ತೆಗೆದುಕೊಳ್ಳೋಣ. ನೀರನ್ನಷ್ಟೇ ಎಣಿಸಿದರೆ ಬೀಳುವ ದರ ದಿನಕ್ಕೆ 0.52 ಬೆಕೆರೆಲ್, ಹಿಮದ 16 ಸೇರಿಸಿದರೆ 0.73. ಗಾಳಿಯಲ್ಲಿ ಘನ ಮೀಟರಿಗೆ 0.6 ಮಿಲಿಬೆಕೆರೆಲ್ ಇದ್ದರೆ ವೇಗ 870 ಮೀಟರಿನಿಂದ 1,210 ಮೀಟರಿಗೆ ಜಿಗಿಯುತ್ತದೆ. ಗಾಳಿಯ ಕಬ್ಬಿಣ ಘನ ಮೀಟರಿಗೆ 10 ನ್ಯಾನೋಗ್ರಾಂ ಆಗಿದ್ದರೆ ಚದರ ಮೀಟರಿಗೆ ದಿನವೊಂದಕ್ಕೆ 12 ಮೈಕ್ರೋಗ್ರಾಂ ಬೀಳುತ್ತದೆ. ಆದರೆ ಅದರಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಮಂಜಿನ ಜೊತೆ ತೇಲಿಹೋಗಿ ಬೇರೆಲ್ಲೋ ಕರಗಬಹುದು. ‘ಆಕಾಶದಿಂದ ಬಿದ್ದದ್ದು’ ಮತ್ತು ‘ಇಲ್ಲಿನ ನೀರಿಗೆ ಸೇರಿದ್ದು’ ಎಂಬ ಎರಡು ಅಂಕಿಗಳನ್ನು ಬೇರೆಬೇರೆಯಾಗಿ ಬರೆಯಬೇಕು. ಒಂದೇ ಕಾಲಮ್ಮಿನಲ್ಲಿ ತುರುಕಿದ ಕೋಷ್ಟಕದಿಂದ ಯಾರಿಗೂ ಉಪಯೋಗವಿಲ್ಲ.

ಹಿಮ ತೆಗೆಯುವಾಗ ಲೀಟರ್ ಲೆಕ್ಕ ಸಾಲದು, ವಿಸ್ತೀರ್ಣ ಬೇಕು. ಚೌಕಟ್ಟು ಇಟ್ಟು ಅಳೆದ ಜಾಗದ ಹಿಮವನ್ನು ಮಂಜಿನ ಮೈವರೆಗೆ ಕೆರೆದು ತೆಗೆಯಿರಿ. ಹಿಮ ಗಾಳಿಗೆ ಗುಡ್ಡೆಯಾಗಿ ಕೂಡುವುದರಿಂದ ಒಂದೇ ಚೌಕ ಮೋಸ ಮಾಡುತ್ತದೆ, ನಾಲ್ಕೈದು ಬೇಕು. ಕರಗಿಸುವ ಮೊದಲೇ ಪಾತ್ರೆಗೆ ಆಮ್ಲ ಮತ್ತು ಸ್ಥಿರ ಬೆರಿಲಿಯಮ್ ಹಾಕಿರಿ, ಇಲ್ಲವಾದರೆ ಕರಗಿದ ನೀರಿನ ಬೆರಿಲಿಯಮ್ ಪಾತ್ರೆಯ ಗೋಡೆಗೆ ಅಂಟಿ ಅಲ್ಲೇ ಉಳಿಯುತ್ತದೆ.

ಬೇಸಿಗೆಯ ಕರಗುನೀರು ಇನ್ನೊಂದು ತೊಡಕು. ಅದು ಹಗುರ, ಮೇಲಿನ ಎರಡು-ಮೂರು ಮೀಟರಿನಲ್ಲಿ ತೆಳ್ಳಗೆ ನಿಲ್ಲುತ್ತದೆ, ಹಿಮದಲ್ಲಿದ್ದ ಬೆರಿಲಿಯಮ್ಮೂ ಅದರಲ್ಲೇ ಇರುತ್ತದೆ. ಹಡಗಿನ ನೀರಿನ ಕೊಳವೆ ಬಾಯಿ ಅದಕ್ಕಿಂತ ಆಳದಲ್ಲಿರುತ್ತದೆ. ಹಡಗು ನಿಂತಲ್ಲಿ ಪ್ರೊಪೆಲರ್ ಆ ಪದರವನ್ನೇ ಕಲಕಿಬಿಡುತ್ತದೆ. ಹಡಗಿನಿಂದ ದೂರದಲ್ಲಿ ಮಂಜು ಕೊರೆದ ತೂತಿನಿಂದಲೋ ಸಣ್ಣ ದೋಣಿಯಿಂದಲೋ ಪಂಪ್ ಇಳಿಸುವುದೇ ಸರಿ.

ಗಾಳಿಯ ಫಿಲ್ಟರ್ ಕೆಲವು ದಿನಗಳ ಕಥೆ ಹೇಳುತ್ತದೆ, ನೀರು ಹಿಂದಿನ ಎರಡು-ಮೂರು ತಿಂಗಳಿನದು. ವಸಂತದಲ್ಲಿ ಗಾಳಿಯ ಬೆರಿಲಿಯಮ್-7 ಹೆಚ್ಚಿದ್ದು ಬೇಸಿಗೆಯ ಕೊನೆಗೆ ಇಳಿದಿದ್ದರೆ, ಸೆಪ್ಟೆಂಬರಿನ ಗಾಳಿಯಿಂದ ಭಾಗಿಸಿದ ವೇಗ ಇರಬೇಕಾದ್ದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಪರಮಾಣು ಪರೀಕ್ಷಾ ನಿಷೇಧ ಒಪ್ಪಂದದ ನಿಗಾ ಜಾಲದ ಒಂದು ಕೇಂದ್ರ ಸ್ಪಿಟ್ಸ್‌ಬರ್ಗನ್‌ನಲ್ಲಿದೆ; ಅಂಥ ಕಡೆ ಬೆರಿಲಿಯಮ್-7ನ್ನು ದಿನವೂ ಅಳೆಯುತ್ತಾರೆ. ಆ ಸರಣಿ ಸಿಕ್ಕಿದರೆ, ಹಳೆಯ ದಿನಗಳಿಗೆ ಕ್ಷಯದಷ್ಟು ಕಡಿಮೆ ತೂಕ ಕೊಟ್ಟು ಸರಾಸರಿ ತೆಗೆದು ಭಾಗಿಸಿ.

ನದಿಯ ಕೆಸರು ತುಂಬಿದ ತೀರದ ನೀರಿನಲ್ಲಿ ಈ ವಿಧಾನ ಬೇಡ. ಅಲ್ಲಿ ಬೆರಿಲಿಯಮ್ ಕಣಗಳಿಗೆ ಅಂಟಿ ತಳ ಸೇರುತ್ತದೆ, ದಾಸ್ತಾನು ಕಡಿಮೆ ಕಾಣುತ್ತದೆ. ಅಂಟಾರ್ಕ್ಟಿಕ್ ಸುತ್ತಲಿನ ಸಾಗರದಲ್ಲಿ ಮಿಶ್ರ ಪದರ ನೂರು ಮೀಟರ್ ದಾಟಿದಾಗ ಅದೇ ದಾಸ್ತಾನು ತೆಳುವಾಗುತ್ತದೆ, 600 ಲೀಟರೂ ಸಾಲದು. ದಪ್ಪ ಧೂಳು ತಾನಾಗಿಯೇ ಉದುರುವ ಕಡೆ ಸಣ್ಣ ಕಣಗಳ ಈ ವೇಗ ಕಬ್ಬಿಣಕ್ಕೆ ಕಡಿಮೆಯಾಗುತ್ತದೆ. ಅನಿಲರೂಪದಲ್ಲೇ ಹೆಚ್ಚಾಗಿ ಅಡ್ಡಾಡುವ ಪಾದರಸಕ್ಕಂತೂ ಇದನ್ನು ನೇರವಾಗಿ ಹಚ್ಚಲೇಬೇಡಿ.